ಕಥೆ ತಿದ್ದುವವರ ಧರ್ಮಸಂಕಟ

ಅಧ್ಯಾತ್ಮ ರಾಮಾಯಣದ ಸೀತೆ ವಾದದಲ್ಲಿ ಗಟ್ಟಿಗಿತ್ತಿ. ಕಾಡಿಗೆ ಹೊರಟ ರಾಮ ಅವಳನ್ನು ಅಯೋಧ್ಯೆಯಲ್ಲೇ ಬಿಟ್ಟುಹೋಗಲು ನೋಡುತ್ತಾನೆ. ಅವಳು ಹೆಂಡತಿಯ ಧರ್ಮ ಹೇಳುತ್ತಾಳೆ, ಚಿಕ್ಕಂದಿನಲ್ಲಿ ಜ್ಯೋತಿಷಿಯೊಬ್ಬ ನುಡಿದ ವನವಾಸದ ಭವಿಷ್ಯ ನೆನಪಿಸುತ್ತಾಳೆ. ಕೊನೆಗೆ ಯಾರೂ ನಿರೀಕ್ಷಿಸದ ವಾದವೊಂದನ್ನು ಮುಂದಿಡುತ್ತಾಳೆ. ತಾನು ಹಲವರ ಬಾಯಲ್ಲಿ ಹಲವು ರಾಮಾಯಣಗಳನ್ನು ಕೇಳಿರುವುದಾಗಿಯೂ, ಸೀತೆಯನ್ನು ಬಿಟ್ಟು ರಾಮನೊಬ್ಬನೇ ಕಾಡಿಗೆ ಹೋದದ್ದು ಅವುಗಳಲ್ಲಿ ಯಾವುದರಲ್ಲೂ ಇಲ್ಲವೆಂದೂ ಹೇಳುತ್ತಾಳೆ. ಕಥೆಯ ಒಳಗಿರುವ ಹೆಣ್ಣು ಕಥೆಯ ಬೇರೆ ಪಾಠಗಳನ್ನು ಸಾಕ್ಷಿಗೆ ಕರೆಯುತ್ತಿದ್ದಾಳೆ. ರಾಮ ಸುಮ್ಮನೆ ಒಪ್ಪಿಕೊಳ್ಳುತ್ತಾನೆ.

ಮೈಸೂರಿನ ಎ.ಕೆ. ರಾಮಾನುಜನ್ ‘ಮುನ್ನೂರು ರಾಮಾಯಣಗಳು’ ಎಂದು ಪ್ರಸಿದ್ಧವಾದ ಪ್ರಬಂಧದಲ್ಲಿ ಈ ಪ್ರಸಂಗವನ್ನು ನೆನೆಯುತ್ತಾರೆ. ಅದರಲ್ಲೇ ಕನ್ನಡ ಜನಪದದ ಕಥೆಯೊಂದೂ ಬರುತ್ತದೆ. ಅಲ್ಲಿ ಮಾವಿನಹಣ್ಣು ತಿಂದು ಬಸುರಾಗುವವನು ರಾವಣ, ಅವನು ಸೀನಿದಾಗ ಹುಟ್ಟುವವಳು ಸೀತೆ. ಹಾಗೆ ಹಾಡಿದವರು ಯಾವ ಪಂಡಿತರ ಅಪ್ಪಣೆಗೂ ಕಾಯಲಿಲ್ಲ. ಪ್ರಬಂಧಕ್ಕೆ ಮಾತ್ರ ಅಪ್ಪಣೆ ಬೇಕಾಯಿತು: 2011ರಲ್ಲಿ ದಿಲ್ಲಿ ವಿಶ್ವವಿದ್ಯಾಲಯ ಅದನ್ನು ಇತಿಹಾಸದ ಪಠ್ಯದಿಂದ ಕೈಬಿಟ್ಟಿತು.

ಇಂಥ ಗಲಾಟೆ ಎದ್ದಾಗಲೆಲ್ಲ ಒಂದು ಸಿದ್ಧ ಉತ್ತರವಿರುತ್ತದೆ. ನಮ್ಮಲ್ಲಿ ಎಷ್ಟೊಂದು ರಾಮಾಯಣಗಳಿವೆ, ಎಷ್ಟೊಂದು ಭಾರತಗಳಿವೆ, ಇದೇನು ಹೊಸದೇ ಎನ್ನುತ್ತಾರೆ. ಮಾತು ನಿಜ. ಆದರೆ ಹಲವು ಇವೆ ಎಂದಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ತಾನು ನಂಬಿದ ಕಥೆಯನ್ನು ಒಬ್ಬ ಕವಿ ಯಾಕೆ ಬದಲಿಸುತ್ತಾನೆ? ಯಾರನ್ನು ಪಾರುಮಾಡಲು? ಹಾಗೆ ಪಾರುಮಾಡುವಾಗ ಯಾರು ಮುಳುಗುತ್ತಾರೆ? ಈ ಲೆಕ್ಕ ಹಾಕದೆ ‘ನಮ್ಮದು ಬಹುತ್ವದ ಪರಂಪರೆ’ ಎಂದು ಬೆನ್ನು ತಟ್ಟಿಕೊಳ್ಳುವುದು ಸುಲಭ.

ಲೆಕ್ಕವನ್ನು ಓದುವವರ ಕಡೆಯಿಂದಲೇ ಶುರುಮಾಡೋಣ. ಓದಿದ ಪುಸ್ತಕವನ್ನು ‘ನೀವೂ ಓದಿ’ ಎಂದು ಇನ್ನೊಬ್ಬರ ಕೈಗಿಡುವ ಅಭ್ಯಾಸ ಈ ಕಥೆಗಳ ಜೊತೆಗೇ ಹುಟ್ಟಿದ್ದು. ಫಲಶ್ರುತಿ ಮಾಡುವ ಕೆಲಸವೇ ಅದು. ವಾಲ್ಮೀಕಿ ರಾಮಾಯಣದ ಮೊದಲ ಸರ್ಗದ ಕೊನೆಯಲ್ಲೇ ಓದಿದ ಬ್ರಾಹ್ಮಣನಿಗೆ ಏನು, ಕ್ಷತ್ರಿಯನಿಗೆ ಏನು, ವೈಶ್ಯ ಶೂದ್ರರಿಗೆ ಏನು ಸಿಗುತ್ತದೆ ಎಂಬ ಭರವಸೆಯಿದೆ. ನಮ್ಮ ಕುಮಾರವ್ಯಾಸನೂ ಹಿಂದೆ ಬಿದ್ದಿಲ್ಲ. ತನ್ನ ಭಾರತದ ಒಂದೊಂದು ಅಕ್ಷರ ಕೇಳಿದರೂ ವೇದಪಾರಾಯಣದ, ಗಂಗಾಸ್ನಾನದ, ದಾನಧರ್ಮದ ಫಲ ಬರುತ್ತದೆ ಎಂದು ಆರಂಭದಲ್ಲೇ ಸಾರಿಬಿಡುತ್ತಾನೆ. ಗದುಗಿನ ವೀರನಾರಾಯಣನ ಹೆಸರಲ್ಲಿ ಹೇಳಿದ ಕನ್ನಡದ ಕಥೆಗೆ ವೇದದ ಫಲ! ಧೈರ್ಯವೆಂದರೆ ಇದು. ಅವನು ವ್ಯಾಸರ ಕಥೆಯನ್ನು ಇದ್ದಂತೆ ಇಳಿಸಲಿಲ್ಲ, ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಮಾತ್ರ ಹೇಳಿ ಅದನ್ನು ಕೃಷ್ಣಕಥೆಯಾಗಿ ತಿರುಗಿಸಿದ. ಹಾಗಾದರೆ ಪುಣ್ಯ ಇರುವುದು ಮೂಲದಲ್ಲೋ, ಬದಲಾದ ಕಥೆಯಲ್ಲೋ? ಕುಮಾರವ್ಯಾಸನಿಗೆ ಈ ಅನುಮಾನ ಬಂದಂತಿಲ್ಲ. ಜೈಮಿನಿ ಭಾರತವನ್ನೂ ಗದುಗಿನ ಭಾರತವನ್ನೂ ಒಂದೇ ಚಾವಡಿಯಲ್ಲಿ ವಾಚನ ಮಾಡಿಸಿ ಕೇಳಿದ ಊರವರಿಗೂ ಬಂದಂತಿಲ್ಲ.

ಅನುಮಾನ ಬಂದದ್ದು ಕಾವ್ಯಮೀಮಾಂಸಕರಿಗೆ. 9ನೆಯ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಇದನ್ನು ನೇರವಾಗಿಯೇ ಎತ್ತಿಕೊಳ್ಳುತ್ತಾನೆ. ಇತಿಹಾಸದಿಂದ ಬಂದ ಕಥೆಯಲ್ಲಿ ರಸಕ್ಕೆ ಒಗ್ಗದ ಸಂಗತಿಯಿದ್ದರೆ ಕವಿ ಅದನ್ನು ಬಿಡಬಹುದು, ನಡುವೆ ತನ್ನದೇ ಕಲ್ಪನೆ ಸೇರಿಸಿ ಕಥೆಯನ್ನು ಎತ್ತಬಹುದು ಎಂಬುದು ಅವನ ಮತ. ಅದರ ಬೆನ್ನಿಗೇ ಒಂದು ಕಡಿವಾಣವನ್ನೂ ಹಾಕುತ್ತಾನೆ. ರಾಮಾಯಣದಂಥ, ರಸ ಆಗಲೇ ನೆಲೆಗೊಂಡ ಕಥೆಗಳಿಗೆ ಆ ರಸವನ್ನೇ ಕೆಡಿಸುವ ಸ್ವಂತ ಇಚ್ಛೆಯನ್ನು ಅಂಟಿಸಬಾರದು. ಘಟನೆಯನ್ನು ಮುಟ್ಟಬಹುದು, ರಸವನ್ನು ಮುಟ್ಟಬಾರದು ಎಂದಾಯಿತು. ಇಂದಿನ ಕಾದಂಬರಿಕಾರರಿಗೂ ಬಳಕೆಗೆ ಬರುವ ಅಳತೆ. ಆದರೆ ಇದರಲ್ಲಿ ಒಂದು ತೊಡಕಿದೆ, ಅದು ಕಾಣಬೇಕಾದರೆ ಶಾಕುಂತಲಕ್ಕೆ ಹೋಗಬೇಕು.

ಮಹಾಭಾರತದ ಆದಿಪರ್ವದ ಶಕುಂತಲೆಗೆ ಉಂಗುರವಿಲ್ಲ, ದುರ್ವಾಸರ ಶಾಪವೂ ಇಲ್ಲ. ಅವಳು ಮಗನನ್ನು ಕರೆದುಕೊಂಡು ದುಷ್ಯಂತನ ಸಭೆಗೆ ಬರುತ್ತಾಳೆ. ದುಷ್ಯಂತನಿಗೆ ಎಲ್ಲ ನೆನಪಿದೆ, ನೆನಪಿದ್ದೂ ಇಲ್ಲವೆನ್ನುತ್ತಾನೆ. ಅವಳು ಅಳುತ್ತ ಹಿಂದಿರುಗುವವಳಲ್ಲ. ತುಂಬಿದ ಸಭೆಯಲ್ಲಿ ನಿಂತು ಸಾವಿರ ಅಶ್ವಮೇಧಕ್ಕಿಂತ ಸತ್ಯ ಹೆಚ್ಚು ತೂಗುತ್ತದೆ ಎಂದು ರಾಜನಿಗೆ ಪಾಠ ಹೇಳುತ್ತಾಳೆ. ಆಕಾಶವಾಣಿ ಅವಳ ಪರವಾಗಿ ನುಡಿದ ಮೇಲೆ ದುಷ್ಯಂತ, ತನಗೆ ಮೊದಲೇ ಗೊತ್ತಿತ್ತು, ಬರೀ ಇವಳ ಮಾತಿನ ಮೇಲೆ ಒಪ್ಪಿಕೊಂಡಿದ್ದರೆ ಜನ ಶಂಕಿಸುತ್ತಿದ್ದರು ಎಂದು ಸಮಜಾಯಿಷಿ ಕೊಡುತ್ತಾನೆ. ಅಧಿಕಾರದಲ್ಲಿರುವವರ ಮಾತಿನ ಧಾಟಿ ಆಗಲೂ ಇದೇ.

ಕಾಳಿದಾಸ ಈ ದುಷ್ಯಂತನನ್ನು ನಾಯಕನಾಗಿ ಇಟ್ಟುಕೊಳ್ಳುವಂತಿರಲಿಲ್ಲ. ಶೃಂಗಾರದ ನಾಟಕದಲ್ಲಿ ನಾಯಕ ಸುಳ್ಳುಗಾರನಾದರೆ ರಸವೆಲ್ಲಿಂದ ಬರಬೇಕು? ಹಾಗಾಗಿ ಶಾಪ ಬಂತು, ಉಂಗುರ ಬಂತು, ಮೀನು ಬಂತು, ಬೆಸ್ತ ಬಂದ. ರಾಜ ಮರೆತನೇ ಹೊರತು ಸುಳ್ಳು ಹೇಳಲಿಲ್ಲ ಎಂದಾಯಿತು. ಆನಂದವರ್ಧನನ ಅಳತೆಯಲ್ಲಿ ಇದು ನೂರಕ್ಕೆ ನೂರು. ಈಗ ತಪ್ಪು ಎಲ್ಲಿಗೆ ಹೋಯಿತು ನೋಡಬೇಕು. ಶಾಪ ಬಂದದ್ದು ಶಕುಂತಲೆ ಅತಿಥಿಯನ್ನು ಗಮನಿಸದೆ ಮೈಮರೆತು ಕೂತದ್ದಕ್ಕೆ, ಉಂಗುರ ನೀರಿಗೆ ಬಿದ್ದದ್ದೂ ಅವಳ ಬೆರಳಿನಿಂದ. ದುಷ್ಯಂತನ ಹೊಣೆ ಜಾರಿ ಹುಡುಗಿಯ ಹೆಗಲೇರಿತು. ಐದನೆಯ ಅಂಕದಲ್ಲಿ ಅವಳು ರಾಜನ ಮೇಲೆ ಸಿಡಿಯುತ್ತಾಳೆ, ನಿಜ. ಆದರೆ ಅಷ್ಟು ಹೊತ್ತಿಗೆ ರಾಜ ನಿರಪರಾಧಿ ಎಂದು ಪ್ರೇಕ್ಷಕನಿಗೆ ಗೊತ್ತಿರುತ್ತದೆ, ಅವಳ ಸಿಟ್ಟು ಗುರಿ ತಪ್ಪಿದ ಸಿಟ್ಟಾಗಿ ಕೇಳಿಸುತ್ತದೆ. ಜಗತ್ತು ಮೆಚ್ಚಿದ ನಾಟಕ, ಮೆಚ್ಚಲೇಬೇಕಾದ ನಾಟಕ. ಆದರೂ ರಸ ಗೆದ್ದ ಕಡೆಯೆಲ್ಲ ನ್ಯಾಯವೂ ಗೆದ್ದಿರುತ್ತದೆ ಎನ್ನುವಂತಿಲ್ಲ.

ಕನ್ನಡದ ಆದಿಕವಿಯೂ ಇದೇ ಇಕ್ಕಟ್ಟಿಗೆ ಸಿಕ್ಕಿದ. ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ದೊರೆ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಭಾರತ ಬರೆದ. ದೊರೆಯ ಹೆಂಡತಿಗೆ ಐವರು ಗಂಡಂದಿರು ಇರುವುದುಂಟೇ? ದ್ರೌಪದಿ ಅರ್ಜುನನೊಬ್ಬನ ಮಡದಿಯಾದಳು. ಇಲ್ಲಿಯವರೆಗೆ ಸರಿಯೆನ್ನೋಣ, ಅವಳ ಪಾಲಿಗೆ ಇದು ಒಳ್ಳೆಯದೇ ಆಯಿತು ಎನ್ನುವವರೂ ಇದ್ದಾರೆ. ಮುಂದೆ ಯುದ್ಧ ಮುಗಿದು ಪಟ್ಟಾಭಿಷೇಕ ನಡೆಯುತ್ತದೆ. ಪಟ್ಟ ಕಟ್ಟಿಸಿಕೊಳ್ಳುವವನು ಧರ್ಮರಾಯನಲ್ಲ, ಅರ್ಜುನ. ಅವನ ಪಕ್ಕದಲ್ಲಿ ಕೂರುವವಳು ಸುಭದ್ರೆ. ಸಭೆಯಲ್ಲಿ ಮುಡಿ ಹಿಡಿದು ಎಳೆಸಿಕೊಂಡವಳು, ಆ ಮುಡಿಯನ್ನು ಭೀಮ ಕಟ್ಟುವವರೆಗೂ ಕಾದವಳು ದ್ರೌಪದಿ. ಸಿಂಹಾಸನದ ಹೊತ್ತಿಗೆ ಅವಳಿಗೆ ಜಾಗವಿಲ್ಲ. ಪಂಪನ ಕರ್ಣನಿಗಾಗಿ ಕಣ್ಣೀರಿಟ್ಟ ಓದುಗರಲ್ಲಿ ಎಷ್ಟು ಮಂದಿ ಈ ಖಾಲಿ ಜಾಗವನ್ನು ಗಮನಿಸಿರಬಹುದು?

ಪಂಪನಿಗೆ ತಾನೇನು ಮಾಡುತ್ತಿದ್ದೇನೆ ಎಂಬ ಅರಿವಿತ್ತು. ಒಂದು ಕಾವ್ಯದಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗಿರುವುದಾಗಿ ಅವನೇ ವಿಂಗಡಿಸಿ ಹೇಳಿಕೊಂಡಿದ್ದಾನೆ. ಭಾರತವನ್ನು ಬೇಕಾದಂತೆ ಬಾಗಿಸಿದವನು ಆದಿಪುರಾಣದಲ್ಲಿ ಜಿನಸೇನರ ದಾರಿ ಬಿಟ್ಟು ದೂರ ಹೋಗಲಿಲ್ಲ. ಅಂದರೆ ತನ್ನ ಧರ್ಮದ ಕಥೆಗೆ ಒಂದು ನಿಯಮ, ಊರಿನ ಕಥೆಗೆ ಇನ್ನೊಂದು. ಇಂದಿಗೂ ಹಲವರ ಮನಸ್ಸಿನಲ್ಲಿ ಕೆಲಸ ಮಾಡುವುದು ಇದೇ ವಿಂಗಡಣೆ, ಬಾಯಿಬಿಟ್ಟು ಹೇಳುವವರು ಕಡಿಮೆ.

ಕವಿ ನಾಗಚಂದ್ರನದು ಇದಕ್ಕಿಂತ ಉದಾರವಾದ ದಾರಿ. ಅವನ ‘ರಾಮಚಂದ್ರಚರಿತಪುರಾಣ’ದ ರಾವಣ ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹಿಡಿದವನು. ಸೀತೆ ಮೂರ್ಛೆ ಹೋದದ್ದು ನೋಡಿ ಅವನ ಮನಸ್ಸು ಪಲ್ಲಟಿಸುತ್ತದೆ. ಅವಳನ್ನು ಹಿಂದಕ್ಕೆ ಕೊಡಲು ಮನಸ್ಸು ಮಾಡುತ್ತಾನೆ, ಆದರೆ ಹೆದರಿ ಕೊಟ್ಟನೆಂದು ಲೋಕ ನಗಬಾರದು, ಯುದ್ಧದಲ್ಲಿ ಗೆದ್ದೇ ಕೊಡಬೇಕು ಎಂಬ ಹಟ ಅವನನ್ನು ಮುಗಿಸುತ್ತದೆ. ಇಲ್ಲಿ ಪಾರಾದವನು ರಾವಣ. ಅದಕ್ಕಾಗಿ ರಾಮನನ್ನೋ ಸೀತೆಯನ್ನೋ ಕುಗ್ಗಿಸಬೇಕಾಗಲಿಲ್ಲ. ಹೀಗೆ ಯಾರನ್ನೂ ಕೆಳಗೆ ತಳ್ಳದೆ ಒಬ್ಬನನ್ನು ಮೇಲೆತ್ತುವುದು ಅಪರೂಪ. ಮಾರುಕಟ್ಟೆಗೆ ಬರುವ ಎಷ್ಟೋ ಪೌರಾಣಿಕ ಕಾದಂಬರಿಗಳಲ್ಲಿ ಖಳನ ಬಣ್ಣ ತೆಗೆದು ನಾಯಕನ ಮುಖಕ್ಕೆ ಹಚ್ಚಿರುತ್ತಾರೆ, ಅಷ್ಟೇ.

ಪಾರುಮಾಡುವ ಆಸೆ ಭಕ್ತನಿಗೇ ಬಂದರೆ? 1944ರಲ್ಲಿ ಬಂದ ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕದ ವಸ್ತು ಉತ್ತರಕಾಂಡದ ಶಂಬೂಕನದು. ಮೂಲದಲ್ಲಿ ಬ್ರಾಹ್ಮಣನ ಮಗ ಅಕಾಲದಲ್ಲಿ ಸಾಯುತ್ತಾನೆ, ಶೂದ್ರನೊಬ್ಬ ತಪಸ್ಸು ಮಾಡುತ್ತಿರುವುದೇ ಕಾರಣವೆಂದು ತೀರ್ಮಾನವಾಗುತ್ತದೆ, ರಾಮ ಹೋಗಿ ಅವನ ತಲೆ ಕಡಿಯುತ್ತಾನೆ. ರಾಮಕೃಷ್ಣಾಶ್ರಮದಲ್ಲಿದ್ದು ದೀಕ್ಷೆ ಪಡೆದ, ಮುಂದೆ ‘ಶ್ರೀ ರಾಮಾಯಣ ದರ್ಶನಂ’ ಕೊಟ್ಟ ಕುವೆಂಪು ಈ ರಾಮನನ್ನು ಹೇಗೆ ಒಪ್ಪಬೇಕು? ಉತ್ತರಕಾಂಡವೇ ಪ್ರಕ್ಷಿಪ್ತ ಎಂದು ವಿದ್ವಾಂಸರ ಹಾಗೆ ಕೈತೊಳೆದುಕೊಳ್ಳಬಹುದಿತ್ತು. ರಾಮನೇ ಅನ್ಯಾಯಗಾರ ಎಂದು ಬರೆದು ಕೋಪ ತೀರಿಸಿಕೊಳ್ಳಬಹುದಿತ್ತು. ಅವರು ಎರಡನ್ನೂ ಮಾಡಲಿಲ್ಲ. ನಾಟಕದ ರಾಮ ಬ್ರಹ್ಮಾಸ್ತ್ರವನ್ನು ಬಿಡುತ್ತಾನೆ, ಅದು ನಿಜವಾದ ಪಾಪಿಯನ್ನು ಹುಡುಕಿಕೊಂಡು ಹೋಗಬೇಕು. ಅಸ್ತ್ರ ಶಂಬೂಕನತ್ತ ಹೋಗದೆ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ. ಓಡಿ ಓಡಿ ಸುಸ್ತಾದ ಬ್ರಾಹ್ಮಣನಿಗೆ ಕಣ್ಣು ತೆರೆಯುತ್ತದೆ, ಯಾರನ್ನು ಕೊಲ್ಲಿಸಲು ಬಂದಿದ್ದನೋ ಆ ತಪಸ್ವಿಗೇ ಕೈಮುಗಿಯುತ್ತಾನೆ. ಶಂಬೂಕ ಉಳಿದ, ರಾಮ ಉಳಿದ, ಸತ್ತ ಮಗನೂ ಬದುಕಿದ. ಸತ್ತದ್ದು ಬ್ರಾಹ್ಮಣನ ಅಹಂಕಾರವೊಂದೇ.

ಮಾಸ್ತಿಯವರಿಗೆ ಇದು ಹಿಡಿಸಲಿಲ್ಲ. ತಮ್ಮ ‘ಜೀವನ’ ಪತ್ರಿಕೆಯಲ್ಲಿ ನಾಟಕದ ಬಗ್ಗೆ ಬರೆಯುತ್ತ ಪುರಾಣದ ಕಥೆಯನ್ನು ಹೀಗೆ ಮಾರ್ಪಡಿಸುವುದನ್ನು ಆಕ್ಷೇಪಿಸಿದರು. ಕುವೆಂಪು ಉತ್ತರಿಸಿದರು. ಕನ್ನಡದ ಇಬ್ಬರು ದೊಡ್ಡವರ ಈ ಚರ್ಚೆಯನ್ನು ಜಾತಿಯ ಕಣ್ಣಿನಿಂದ ಮಾತ್ರ ನೋಡುವುದು ರೂಢಿಯಾಗಿದೆ, ಆ ಕಣ್ಣೂ ಬೇಕು. ಆದರೆ ಮಾಸ್ತಿಯವರ ಪಕ್ಷದಲ್ಲಿ ತಳ್ಳಿಹಾಕಲಾಗದ ಒಂದು ತತ್ತ್ವದ ಪ್ರಶ್ನೆಯಿದೆ. ರಾಮ ಎಂಬ ಹೆಸರು ಸಾವಿರಾರು ವರ್ಷ ಕೋಟ್ಯಂತರ ಜನ ಕಟ್ಟಿದ ನೆನಪು. ಹೊಸದೊಂದು ಅರ್ಥ ಹೇಳಬೇಕಾದವನು ಹೊಸ ಕಥೆಯನ್ನೇ ಕಟ್ಟಬಹುದಲ್ಲ, ಆ ನೆನಪಿನ ಬಲವನ್ನು ಎರವಲು ತಂದು ಅದರ ಘಟನೆಯನ್ನೇ ತಿರುಗಿಸುವುದೇಕೆ? ಇದು ಮಡಿವಂತಿಕೆಯ ಪ್ರಶ್ನೆಯಲ್ಲ, ಪ್ರಾಮಾಣಿಕತೆಯದು. ಇನ್ನೂ ಮುಂದೆ ಹೋಗಿ ಕೇಳಬಹುದು: ಮೂಲದಲ್ಲಿ ನಡೆದ ಕೊಲೆಯನ್ನು ನಡೆಯಲೇ ಇಲ್ಲ ಎಂದು ತಿದ್ದಿದರೆ ಕೊಲೆಯಾದವನಿಗೆ ನ್ಯಾಯ ಸಿಕ್ಕಿತೋ, ಕೊಂದವನ ಕೈ ತೊಳೆದಂತಾಯಿತೋ? ಕಾಳಿದಾಸನ ಶಾಪಕ್ಕೂ ಕುವೆಂಪು ಅವರ ಅಸ್ತ್ರಕ್ಕೂ ಇಲ್ಲಿ ಒಂದು ಹೋಲಿಕೆ ಬಂದುಬಿಡುತ್ತದೆ.

ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಕಾಳಿದಾಸನ ಶಾಪ ಪ್ರಬಲನಾದವನ ಮರ್ಯಾದೆ ಉಳಿಸಿತು, ದೂರು ತಂದ ಹೆಣ್ಣಿನ ದೂರನ್ನೇ ಪೊಳ್ಳು ಮಾಡಿತು. ಕುವೆಂಪು ಅವರ ಅಸ್ತ್ರ ಮೊದಲು ಉಳಿಸುವುದು ಶಂಬೂಕನನ್ನು. ರಾಮನ ಮರ್ಯಾದೆ ಉಳಿಯುವುದು ಶಂಬೂಕ ಉಳಿದದ್ದರಿಂದ, ಅವನನ್ನು ಬಿಟ್ಟು ಅಲ್ಲ. ಮೂಲ ಗೊತ್ತಿಲ್ಲದವನಿಗೆ ಈ ನಾಟಕ ಅರ್ಧವೇ ಅರ್ಥವಾಗುತ್ತದೆ ಎಂಬುದನ್ನೂ ಮರೆಯಬಾರದು. ಅಸ್ತ್ರ ತಿರುಗಿದ್ದು ನೋಡಿ ಬೆಚ್ಚಬೇಕಾದರೆ ಅದು ಎತ್ತ ಹೋಗಬೇಕಾಗಿತ್ತು ಎಂದು ತಿಳಿದಿರಬೇಕು. ಹಾಗಾಗಿ ಕುವೆಂಪು ಕೊಲೆಯನ್ನು ಮರೆಮಾಚುತ್ತಿಲ್ಲ, ಪ್ರತಿ ಓದುಗನಿಗೂ ನೆನಪಿಸುತ್ತಿದ್ದಾರೆ. ರಾಮಾಯಣ ದರ್ಶನದಲ್ಲಿ ಸೀತೆಯ ಅಗ್ನಿಪ್ರವೇಶದ ಹೊತ್ತಿಗೆ ರಾಮನನ್ನೂ ಬೆಂಕಿಗೆ ಇಳಿಸುವಾಗ ಅವರು ಮಾಡುವುದು ಇದನ್ನೇ. ದೇವರನ್ನು ಪ್ರೀತಿಸುವವನು ದೇವರಿಂದ ಇಷ್ಟನ್ನಾದರೂ ಕೇಳಬೇಡವೇ ಎಂಬ ಹಕ್ಕೊತ್ತಾಯ ಅಲ್ಲಿದೆ. ಇಷ್ಟಾಗಿಯೂ ಈ ವಾದದಲ್ಲಿ ಮಾಸ್ತಿ ಪೂರ್ತಿ ಸೋತರು ಎನ್ನಲಾಗದು.

ಇಂಗ್ಲಿಷಿನ ಕಡೆ ಇದೇ ಬಗೆಯ ಪುಸ್ತಕವೆಂದು ಓದುಗರು ತಪ್ಪದೆ ಹೆಸರಿಸುವುದು ಜೀನ್ ರೀಸ್ ಅವರ 1966ರ ‘ವೈಡ್ ಸರ್ಗ್ಯಾಸೊ ಸೀ’ ಕಾದಂಬರಿಯನ್ನು. ಷಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ನಲ್ಲಿ ಅಟ್ಟದ ಮೇಲೆ ಕೂಡಿಹಾಕಿದ ಹುಚ್ಚಿಯಾಗಿದ್ದ ಬರ್ಥಾಗೆ, ಕೆರಿಬಿಯನ್ ದ್ವೀಪವಾದ ಡೊಮಿನಿಕಾದಲ್ಲಿ ಹುಟ್ಟಿದ ರೀಸ್ ಬೇರೆ ಹೆಸರು ಕೊಟ್ಟು ಬಾಲ್ಯ ಕೊಟ್ಟು ಅವಳ ಬಾಯಿಂದಲೇ ಕಥೆ ಹೇಳಿಸಿದರು. ಅಲ್ಲಿ ಜಗಳ ಒಬ್ಬ ಲೇಖಕಿಯೊಂದಿಗೆ. ಜೇನ್ ಏರ್ ಮುಂದೆ ಯಾರೂ ದೀಪ ಹಚ್ಚುವುದಿಲ್ಲ. ರಾಮ ಕೃಷ್ಣ ದ್ರೌಪದಿಯರ ಕಥೆಗೆ ಕೈಹಾಕಿದವನು ಮಾತ್ರ ಯಾರದೋ ದೇವರಕೋಣೆಯೊಳಗೆ ಕಾಲಿಟ್ಟಿರುತ್ತಾನೆ.

ಎಸ್.ಎಲ್. ಭೈರಪ್ಪ 1979ರ ‘ಪರ್ವ’ದಲ್ಲಿ ಆ ಕೋಣೆಗೆ ಚಪ್ಪಲಿ ಹಾಕಿಕೊಂಡೇ ಹೋದರು ಎಂದು ಕೆಲವರಿಗೆ ಅನಿಸಿತು. ಶಾಪ, ವರ, ಪವಾಡ ಒಂದೂ ಇಲ್ಲ. ದೇವತೆಗಳೆಂದರೆ ಹಿಮಾಲಯದ ಮೇಲೆ ವಾಸಿಸುವ ಜನ, ಕುಂತಿಗೆ ಮಕ್ಕಳಾಗುವುದು ಅವರಿಂದ ನಿಯೋಗದಲ್ಲಿ. ಕಥೆ ಶುರುವಾಗುವುದು ಕುರುಕ್ಷೇತ್ರದಲ್ಲಲ್ಲ, ಮದ್ರ ದೇಶದ ಮುದುಕ ಶಲ್ಯನ ಮನೆಯಲ್ಲಿ. ಮೊಮ್ಮಗಳ ಮದುವೆಯ ಚಿಂತೆಯಲ್ಲಿರುವ ಅವನಿಗೆ ಯುದ್ಧದ ಸುದ್ದಿ ಬರುತ್ತದೆ. ರಣರಂಗದಲ್ಲಿ ಪಾಂಚಜನ್ಯದ ಮೊಳಗಿಗಿಂತ ಹೆಚ್ಚಾಗಿ ಮೂಗಿಗೆ ಬಡಿಯುವುದು ಹೆಣದ ನಾತ, ಮಲಮೂತ್ರದ ನಾತ. ನಾಲ್ಕು ದಶಕ ದಾಟಿದರೂ ಕನ್ನಡದ ಓದುಗರು ಒಬ್ಬರಿಗೊಬ್ಬರು ‘ಪರ್ವ ಓದಿದ್ದೀರಾ?’ ಎಂದು ಕೇಳುವುದು ನಿಂತಿಲ್ಲ. 2021ರಲ್ಲಿ ಮೈಸೂರಿನ ರಂಗಾಯಣ ಅದನ್ನು ಸುಮಾರು ಎಂಟು ಗಂಟೆಯ ನಾಟಕವಾಗಿ ಆಡಿತು.

ಪವಾಡ ತೆಗೆದ ಮೇಲೆ ಧರ್ಮ ಉಳಿಯುತ್ತದೆಯೇ? ಸತ್ಯ ಮತ್ತು ಸೌಂದರ್ಯದ ಮೇಲೆ ಪಿಎಚ್.ಡಿ. ಪ್ರಬಂಧ ಬರೆದ, ತತ್ತ್ವಶಾಸ್ತ್ರದ ಮೇಷ್ಟ್ರಾಗಿದ್ದ ಭೈರಪ್ಪನವರಿಗೆ ನಿಜವಾಗಿ ಬೇಕಾಗಿದ್ದದ್ದು ಈ ಪ್ರಶ್ನೆ. ಪಾಂಡವರು ದೇವತೆಗಳ ಮಕ್ಕಳೆಂದರೆ ಅವರ ಹಕ್ಕಿನ ಬಗ್ಗೆ ವಾದವೇ ಹುಟ್ಟುವುದಿಲ್ಲ. ನಿಯೋಗದ ಮಕ್ಕಳೆಂದಾಗ ದುರ್ಯೋಧನನ ಮಾತಿಗೂ ತೂಕ ಬರುತ್ತದೆ: ಪಾಂಡುವಿಗೆ ಹುಟ್ಟದವರು ಪಾಂಡುವಿನ ವಾರಸುದಾರರು ಹೇಗೆ? ಒಂದು ಕಾಲಕ್ಕೆ ಧರ್ಮವಾಗಿದ್ದ ನಿಯೋಗ ಇನ್ನೊಂದು ಕಾಲಕ್ಕೆ ನಾಚಿಕೆಯಾದರೆ ಅದರಿಂದ ಹುಟ್ಟಿದವರ ಗತಿಯೇನು? ಈ ಸಂಶಯ ಭೀಷ್ಮನಂಥ ಹಿರಿಯನನ್ನೂ ಕಾಡುತ್ತದೆ. ಆಕಾಶವಾಣಿ ಬಂದು ಇತ್ಯರ್ಥ ಮಾಡುವ ಸೌಲಭ್ಯವನ್ನು ಕಾದಂಬರಿ ಯಾರಿಗೂ ಕೊಟ್ಟಿಲ್ಲ.

ಇದಕ್ಕೆ ತದ್ವಿರುದ್ಧ ದಾರಿ ದೇವುಡು ನರಸಿಂಹಶಾಸ್ತ್ರಿಗಳದು. ‘ಮಹಾಬ್ರಾಹ್ಮಣ’ದ ವಿಶ್ವಾಮಿತ್ರನಿಗೆ ದೇವತೆಗಳು ಉಸಿರಿನಷ್ಟೇ ನಿಜ. ತಪಸ್ಸಿನಲ್ಲಿ ಒಳಗೆ ಏನಾಗುತ್ತದೆ ಎಂಬುದನ್ನು ದೇವುಡು ಹಟಕ್ಕೆ ಬಿದ್ದವರಂತೆ ವಿವರಿಸುತ್ತ ಹೋಗುತ್ತಾರೆ, ಅವಸರದ ಓದುಗ ಅಲ್ಲಲ್ಲಿ ಪುಟ ಹಾರಿಸುವುದೂ ಉಂಟು. ಆದರೆ ಎಷ್ಟೋ ಮನೆಗಳಲ್ಲಿ ಈ ಎರಡು ಕಾದಂಬರಿಗಳು ಒಂದೇ ಕಪಾಟಿನಲ್ಲಿವೆ, ಒಂದನ್ನು ಮೆಚ್ಚಿದವರೇ ಇನ್ನೊಂದನ್ನೂ ಓದಿ ಎನ್ನುತ್ತಾರೆ. ದೇವರಿದ್ದಾನೆ ಎನ್ನುವ ಪುಸ್ತಕವನ್ನೂ ದೇವರನ್ನು ಬೆಟ್ಟದ ಮನುಷ್ಯನಾಗಿಸಿದ ಪುಸ್ತಕವನ್ನೂ ಒಂದೇ ಉಸಿರಿನಲ್ಲಿ ಹೊಗಳುವ ಈ ಓದುಗ ಗೊಂದಲದಲ್ಲಿದ್ದಾನೆ ಎಂದುಕೊಳ್ಳಬೇಕಾಗಿಲ್ಲ. ಕಥೆಯೊಳಗಿನವರು ಅವನಿಗೆ ಬಂಧುಗಳು. ಬಂಧುಗಳ ಬಗ್ಗೆ ನಾಲ್ಕು ಜನ ನಾಲ್ಕು ಥರ ಹೇಳಿದರೆ ಕೂತು ಕೇಳುತ್ತಾರೆ, ಬೇಕಾದರೆ ಜಗಳವಾಡುತ್ತಾರೆ, ಸಂಬಂಧ ಕಡಿದುಕೊಳ್ಳುವುದಿಲ್ಲ.

ಹೀಗೆ ತಿದ್ದಿದವರಲ್ಲಿ ಅತಿ ಕಡಿಮೆ ಬದಲಿಸಿ ಅತಿ ಹೆಚ್ಚು ಕೆಣಕಿದವರು ಪ್ರಾಯಶಃ ಗಿರೀಶ ಕಾರ್ನಾಡರು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದ ‘ಯಯಾತಿ’ಯಲ್ಲಿ ಅವರು ಮುಖ್ಯ ಘಟನೆಯನ್ನು ಮುಟ್ಟಲಿಲ್ಲ. ಶುಕ್ರಾಚಾರ್ಯರ ಶಾಪವಿದೆ, ಮಗ ಪೂರು ಅಪ್ಪನ ಮುಪ್ಪನ್ನು ತಾನು ಹೊರುತ್ತಾನೆ. ಆದಿಪರ್ವದಲ್ಲಿ ಇದು ಪಿತೃಭಕ್ತಿಯ ಪರಮಾವಧಿ, ಅದಕ್ಕೇ ಪೂರುವಿಗೆ ರಾಜ್ಯ ಸಿಗುತ್ತದೆ. ಕಾರ್ನಾಡರು ಮುಖ್ಯವಾಗಿ ಸೇರಿಸಿದ್ದು ಒಂದು ಪಾತ್ರವನ್ನು, ಪೂರುವಿನ ಹೆಂಡತಿ ಚಿತ್ರಲೇಖೆಯನ್ನು. ಮದುವೆಯಾಗಿ ಆಗತಾನೇ ಮನೆಗೆ ಬಂದವಳ ಎದುರು ಗಂಡ ಮುದುಕನಾಗಿ ನಿಲ್ಲುತ್ತಾನೆ. ಯಯಾತಿ ಅವಳಿಗೆ ಕರ್ತವ್ಯ ಬೋಧಿಸಲು ಬರುತ್ತಾನೆ. ನಾನು ವರಿಸಿ ಬಂದ ಯೌವನ ಈಗ ನಿಮ್ಮಲ್ಲಿದೆ, ಹಾಗಿದ್ದರೆ ನನ್ನನ್ನು ನೀವೇ ಸ್ವೀಕರಿಸಬೇಕಲ್ಲ ಎಂಬ ತರ್ಕವನ್ನು ಅವಳು ಮಾವನ ಮುಂದಿಡುತ್ತಾಳೆ. ಧರ್ಮ ಹೇಳಲು ಬಂದವನು ತತ್ತರಿಸುತ್ತಾನೆ. ಅವಳು ವಿಷ ಕುಡಿಯುತ್ತಾಳೆ, ಯಯಾತಿ ಮುಪ್ಪನ್ನು ಹಿಂದಕ್ಕೆ ಪಡೆಯುತ್ತಾನೆ. ಮೂಲದಲ್ಲಿ ಸಾವಿರ ವರ್ಷ ಭೋಗಿಸಿದ ಮೇಲೆ ಅವನಿಗೆ ಬಂದ ವಿವೇಕ ಇಲ್ಲಿ ಒಂದು ಹೆಣ್ಣಿನ ಸಾವಿನೆದುರು ಕ್ಷಣದಲ್ಲಿ ಬರುತ್ತದೆ.

ಭೋಗಿಸಿದಷ್ಟೂ ಕಾಮ ಹೆಚ್ಚುತ್ತದೆಯೇ ಹೊರತು ತಣಿಯುವುದಿಲ್ಲ ಎಂಬ ಮಾತಿಗೆ ಯಯಾತಿಯ ಕಥೆಯನ್ನು ಪ್ರವಚನಕಾರರು ಈಗಲೂ ಉದಾಹರಿಸುತ್ತಾರೆ. ಅಲ್ಲಿ ಚಿತ್ರಲೇಖೆಯ ಹೆಸರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ, ಅವಳು ವ್ಯಾಸರ ಪಾತ್ರವಲ್ಲ. ಆದರೆ ಕಾರ್ನಾಡರ ನಾಟಕ ನೋಡಿ ಬಂದ ಯಾರಾದರೂ ಆ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದರೆ, ಪೂರು ತಂದೆಗೆ ಯೌವನ ಕೊಟ್ಟ ಭಾಗ ಬಂದಾಗ, ಆಗ ಅವನಿಗೆ ಮದುವೆಯಾಗಿತ್ತೇ ಸ್ವಾಮಿ ಎಂದು ಕೇಳದೆ ಇರಲಾರರು.